ಹಂದಿ ಮಾಂಸದ ಜಿಯಾವ್‌ಜಿ: ಮೂರನೇ ಶನಿವಾರವೂ ಕೈಕೊಟ್ಟಿತು

ಹಬೆಪಾತ್ರೆ | ಶನಿವಾರ ರಾತ್ರಿ 9:50

ಮೂರು ವಾರದಿಂದ ಪ್ರತಿ ಶನಿವಾರ ಹಂದಿ ಮಾಂಸದ ಡಂಪ್ಲಿಂಗ್ ಮಾಡಲು ಹೋಗಿ ಸೋಲುತ್ತಿದ್ದೇನೆ. ಚೀನೀಯರ ಜಿಯಾವ್‌ಜಿ, ಹಬೆಯಲ್ಲಿ ಬೇಯಿಸುವುದು. ಮೊದಲ ಸಲ ಹೊರಗಿನ ಪದರ ರಬ್ಬರ್ ಚಪ್ಪಲಿ ಥರ ಆಯಿತು. ಎರಡನೇ ಸಲ ಹಟಕ್ಕೆ ಬಿದ್ದು ತೆಳ್ಳಗೆ ಲಟ್ಟಿಸಿದೆ, ಮುಚ್ಚಳ ತೆಗೆದರೆ ಎಲ್ಲವೂ ತಟ್ಟೆಗೆ ಅಂಟಿಕೊಂಡಿದ್ದವು, ಎತ್ತಿದರೆ ತಳ ಅಲ್ಲೇ ಉಳಿದು ಹೂರಣ ಮಾತ್ರ ಕೈಗೆ ಬಂತು. ಇವತ್ತು ಅಂಟಲಿಲ್ಲ, ಹರಿಯಲಿಲ್ಲ. ಆದರೆ ಒಳಗಿನ ಮಾಂಸ ಗೋಲಿ ಥರ ಗಟ್ಟಿ. ಪದರ ಬೇರೆ, ಗೋಲಿ ಬೇರೆ, ನಡುವೆ ಖಾಲಿ ಜಾಗ. ಅಲ್ಲಾಡಿಸಿದರೆ ಗಿಲಕಿ. ನನ್ನ ಹೆಂಡತಿ ಒಂದು ತಿಂದು, ಏನೂ ಮಾತಾಡದೆ ಹೋಗಿ ಮೊಸರನ್ನ ಕಲಸಿಕೊಂಡಳು.

ನಾನು ಮಾಡುವುದು ಹೀಗೆ. ಮೈದಾ 300 ಗ್ರಾಂ, ತಣ್ಣೀರಲ್ಲಿ ಚಪಾತಿ ಹದಕ್ಕೆ ಕಲಸುತ್ತೇನೆ. ಖೀಮಾ ಅರ್ಧ ಕಿಲೋ, ಕೊಬ್ಬಿಲ್ಲದ್ದು ಕೊಡಿ ಎಂದು ಕೇಳಿಯೇ ತರುತ್ತೇನೆ. ಶುಂಠಿ, ಬೆಳ್ಳುಳ್ಳಿ, ಸೋಯಾ ಸಾಸ್, ಸಣ್ಣಗೆ ಹೆಚ್ಚಿದ ಎಲೆಕೋಸು. ಇಡ್ಲಿ ಪಾತ್ರೆಯಲ್ಲಿ 20 ನಿಮಿಷ. ಹಂದಿ ಅಲ್ವಾ, ಹಸಿ ಉಳಿದೀತು ಎಂಬ ಭಯ.

ಎಲ್ಲಿ ತಪ್ಪುತ್ತಿದ್ದೇನೆ?

ಸುಮ್ನೆಓದುವವ | ರಾತ್ರಿ 10:05

ಮೋಮೋಗೆ ಇಷ್ಟೆಲ್ಲ ಯಾಕೆ ಒದ್ದಾಟ? ರಸ್ತೆ ಮೂಲೆಯಲ್ಲಿ ಪ್ಲೇಟಿಗೆ ಆರು ಕೊಡುತ್ತಾರೆ, ಕೆಂಪು ಚಟ್ನಿ ಬೇರೆ.

ಚಳಿನಾಡು | ರಾತ್ರಿ 10:40

ಮೋಮೋ ವಿಷಯಕ್ಕೆ ಆಮೇಲೆ ಬರುತ್ತೇನೆ, ಮೊದಲು ಗಿಲಕಿ ಸರಿಮಾಡೋಣ.

ನಾನು ಆರು ವರ್ಷ ಶೆನ್ಯಾಂಗ್‌ನಲ್ಲಿ ವೈದ್ಯಕೀಯ ಓದಿದವಳು. ಚೀನಾದ ಈಶಾನ್ಯ ಮೂಲೆ, ಚಳಿಗಾಲದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗುವ ಊರು. ಅಲ್ಲಿ ಜಿಯಾವ್‌ಜಿ ಅಂದರೆ ನಮಗೆ ಹಬ್ಬದ ಹೋಳಿಗೆಯೂ ಹೌದು, ಸೋಮವಾರದ ಚಿತ್ರಾನ್ನವೂ ಹೌದು. ನಮ್ಮ ಕಟ್ಟಡದ ಕೆಳಮನೆಯ ಅಜ್ಜಿ ನನಗೆ ಕಲಿಸಿದರು. ಕಲಿಸಿದರು ಅಂದರೆ, ಎರಡು ಚಳಿಗಾಲ ಲಟ್ಟಿಸಲು ಬಿಟ್ಟರು, ಮುಚ್ಚಲು ಬಿಡಲಿಲ್ಲ.

ಮೊದಲು ಹಿಟ್ಟು. ತಣ್ಣೀರಿನ ಹಿಟ್ಟು ನೀರಿನಲ್ಲಿ ಕುದಿಸುವ ಜಿಯಾವ್‌ಜಿಗೆ. ಅದನ್ನು ಶ್ವೇಜಿಯಾವ್ ಅನ್ನುತ್ತಾರೆ, ಉತ್ತರದ ಮನೆಗಳಲ್ಲಿ ಮಾಡುವುದು ಹೆಚ್ಚಾಗಿ ಅದನ್ನೇ. ಕುದಿಯುವ ನೀರಲ್ಲಿ ಬಿದ್ದಾಗ ಪದರ ಇನ್ನಷ್ಟು ನೀರು ಕುಡಿದು ಮೆತ್ತಗಾಗುತ್ತದೆ. ಹಬೆಯಲ್ಲಿ ಅಷ್ಟು ನೀರು ಸಿಗುವುದಿಲ್ಲ. ಹಾಗಾಗಿ ನೀರನ್ನು ಮೊದಲೇ ಹಿಟ್ಟಿನೊಳಗೆ ಕೂರಿಸಬೇಕು. ಕುದಿಯುವ ನೀರು ಹಾಕಿದರೆ ಮೈದಾದ ಪಿಷ್ಟ ಅರ್ಧ ಅಲ್ಲೇ ಬೆಂದು ಜಾಸ್ತಿ ನೀರು ಹಿಡಿದುಕೊಳ್ಳುತ್ತದೆ, ಹಿಟ್ಟಿಗೆ ಎಳೆತ ಕೊಡುವ ಗ್ಲುಟೆನ್ ತನ್ನ ಸೆಡವು ಬಿಡುತ್ತದೆ. ಲಟ್ಟಿಸಿದ್ದು ವಾಪಸ್ ಕುಗ್ಗುವುದಿಲ್ಲ, ಬೆಂದ ಮೇಲೆ ರಬ್ಬರ್ ಆಗುವುದಿಲ್ಲ. ಕಡುಬಿಗೆ ಅಕ್ಕಿ ಹಿಟ್ಟನ್ನು ಕುದಿ ನೀರಿಗೆ ಹಾಕಿ ಉಕ್ಕರಿಸುತ್ತೀರಲ್ಲ, ಅರ್ಧ ಕೆಲಸ ಅದೇ. ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ, ಬೆಂದ ಪಿಷ್ಟವೇ ಅಂಟು ಕೊಡಬೇಕು. ಇಲ್ಲಿ ಇರುವ ಗ್ಲುಟೆನನ್ನು ಸ್ವಲ್ಪ ತಣ್ಣಗೆ ಕೂರಿಸುವುದು.

ನಿಮ್ಮ 300 ಗ್ರಾಂ ಮೈದಾಕ್ಕೆ 130 ಗ್ರಾಂ ಕುದಿ ನೀರು. ಒಲೆಯಿಂದ ಇಳಿಸಿದ ತಕ್ಷಣ, ಸಣ್ಣ ಧಾರೆಯಾಗಿ, ಚಾಪ್‌ಸ್ಟಿಕ್ ಅಥವಾ ಚಮಚದ ಹಿಡಿಯಿಂದ ಕಲಕುತ್ತಾ ಹಾಕಿ. ಉದುರು ಉದುರಾಗುತ್ತದೆ. ಆಮೇಲೆ 40 ಗ್ರಾಂ ತಣ್ಣೀರು. ಅದು ಯಾಕೆಂದರೆ ಪೂರ್ತಿ ಬಿಸಿ ನೀರಾದರೆ ಹಿಟ್ಟಿಗೆ ಕಸುವೇ ಇರುವುದಿಲ್ಲ, ನಿರಿಗೆ ಹಿಡಿಯುವಾಗ ಹರಿಯುತ್ತದೆ. ನಮ್ಮ ಮೈದಾ ಒಂದೊಂದು ಪ್ಯಾಕೆಟ್ಟಿನಲ್ಲಿ ಒಂದೊಂದು ಥರ ನೀರು ಕುಡಿಯುತ್ತದೆ, ಕೊನೆಯ 10 ಗ್ರಾಂ ಕೈಯಲ್ಲಿಟ್ಟುಕೊಳ್ಳಿ. ಮೊದಲು ಒರಟಾಗಿರುತ್ತದೆ. ಒದ್ದೆ ಬಟ್ಟೆ ಮುಚ್ಚಿ 15 ನಿಮಿಷ ಬಿಟ್ಟು ಮತ್ತೆ ನಾದಿ, ತಾನೇ ನುಣುಪಾಗುತ್ತದೆ. ಆಮೇಲೆ ಇನ್ನೊಂದು ಅರ್ಧ ಗಂಟೆ. ಅಜ್ಜಿ 'ಮೂರು ಹೊಳಪು' ಅನ್ನುತ್ತಿದ್ದರು: ಹಿಟ್ಟು ಹೊಳೆಯಬೇಕು, ಬಟ್ಟಲು ಹೊಳೆಯಬೇಕು, ಕೈ ಹೊಳೆಯಬೇಕು. ಎಲ್ಲೂ ಹಿಟ್ಟು ಮೆತ್ತಿರಬಾರದು. ನನ್ನ ಕೈ ಎರಡು ವರ್ಷ ಹೊಳೆಯಲಿಲ್ಲ.

ಹೂರಣದ ಬಗ್ಗೆ ನಾಳೆ ಬರೆಯುತ್ತೇನೆ, ಡ್ಯೂಟಿ ಇದೆ. ಅಷ್ಟರಲ್ಲಿ ಆ ಕೊಬ್ಬಿಲ್ಲದ ಖೀಮಾ ತರುವುದನ್ನು ನಿಲ್ಲಿಸಿ.

ಕರಿಮೆಣಸು | ಭಾನುವಾರ ಬೆಳಗ್ಗೆ 7:15

ಕೊಬ್ಬಿಲ್ಲದ ಹಂದಿ! ಕೊಡಗಿನ ಕಡೆ ಹೀಗೆ ಕೇಳಿದರೆ ಅಂಗಡಿಯವನು ಡಾಕ್ಟರ್ ಹೇಳಿದರಾ ಅಂತ ವಿಚಾರಿಸುತ್ತಾನೆ.

ಪಂದಿ ಕರಿ ಮಾಡುವವರಿಗೆ ಗೊತ್ತಿರುತ್ತದೆ, ರುಚಿ ಇರುವುದೇ ನೆಣದಲ್ಲಿ. ಡಂಪ್ಲಿಂಗ್‌ಗೂ ಅದೇ. ಖೀಮಾ ಕೇಳಬೇಡಿ. ಮುಂಭುಜದ ಮಾಂಸ ಒಂದಿಷ್ಟು, ಹೊಟ್ಟೆ ಭಾಗ ಒಂದಿಷ್ಟು ತೆಗೆದುಕೊಂಡು ಮನೆಯಲ್ಲೇ ಕೊಚ್ಚಿ. ಹತ್ತರಲ್ಲಿ ಮೂರು ಪಾಲು ನೆಣ ಇರಲಿ. ತೊಗಲು ತೆಗೆದಿಡಿ. ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು ಕೊಚ್ಚಿದರೆ ಸುಲಭ, ನೆಣ ಕರಗಿ ಕತ್ತಿಗೆ ಮೆತ್ತುವುದಿಲ್ಲ.

ಇನ್ನೊಂದು. ಅದ್ದಿಕೊಳ್ಳಲು ಚೀನೀಯರ ಕಪ್ಪು ವಿನಿಗರ್ ಬೇಕಾದರೆ ಆನ್‌ಲೈನಿನಲ್ಲಿ ತರಿಸುತ್ತಾ ಕೂರಬೇಡಿ, ನಮ್ಮ ಕೊಡಗಿನ ಕಾಚಂಪುಳಿ ಹಾಕಿ. ಅದೂ ಕಪ್ಪು, ಇದೂ ಕಪ್ಪು.

ಚಳಿನಾಡು | ಬೆಳಗ್ಗೆ 11:30

ನೆಣದ ಮಾತು ನೂರಕ್ಕೆ ನೂರು. ಕಾಚಂಪುಳಿ ಮಾತು ಅರ್ಧಕ್ಕೆ ಅರ್ಧ. ಆ ಕಪ್ಪು ವಿನಿಗರನ್ನು, ಅಂದರೆ ಝೆನ್‌ಜಿಯಾಂಗ್ ಊರಿನದ್ದನ್ನು, ಅಂಟಕ್ಕಿಯಿಂದ ಹುಳಿಬರಿಸಿ ತಿಂಗಳುಗಟ್ಟಲೆ, ಕೆಲವನ್ನು ವರ್ಷಗಟ್ಟಲೆ ಇಡುತ್ತಾರೆ, ಅದರಲ್ಲಿ ಒಂದು ಸಿಹಿ ಇದೆ, ಮಾಲ್ಟಿನ ವಾಸನೆ ಇದೆ. ಕಾಚಂಪುಳಿ ಹಣ್ಣಿನ ಹುಳಿ, ಬಲು ತೀಕ್ಷ್ಣ. ಹಾಕಲೇಬೇಕೆಂದರೆ ಕಾಲು ಚಮಚಕ್ಕೆ ಎರಡು ಚಮಚ ನೀರು, ಚಿಟಿಕೆ ಬೆಲ್ಲ. ಚೆನ್ನಾಗಿರುತ್ತದೆ, ಆದರೆ ಬೇರೆ ತಿಂಡಿ ಆಗುತ್ತದೆ. ನಾನೂ ತಿನ್ನುತ್ತೇನೆ, ಸುಳ್ಳು ಯಾಕೆ.

ಈಗ ಹೂರಣ. ನಿಮ್ಮ ಗೋಲಿಗೆ ಕಾರಣ ಮೂರು: ನೆಣ ಇಲ್ಲ, ನೀರು ಇಲ್ಲ, 20 ನಿಮಿಷ ಹಬೆ.

ನೀರು ಅಂದೆ. ಇದನ್ನು ಯಾರೂ ಹೇಳುವುದಿಲ್ಲ, ಇಲ್ಲೇ ಎಲ್ಲರೂ ಬೀಳುವುದು. ಕೊಚ್ಚಿದ ಮಾಂಸಕ್ಕೆ ನೀರು ಕುಡಿಸಬೇಕು. ಚೀನೀ ಭಾಷೆಯಲ್ಲಿ 'ದಾ ಶ್ವೇ' ಅನ್ನುತ್ತಾರೆ, ನೀರು ಬಡಿಯುವುದು ಎಂದರ್ಥ. 400 ಗ್ರಾಂ ಮಾಂಸಕ್ಕೆ ಮೊದಲು ಅರ್ಧ ಟೀ ಚಮಚ ಉಪ್ಪು, ಎರಡು ಟೇಬಲ್ ಚಮಚ ತಿಳಿ ಸೋಯಾ ಸಾಸ್, ಬಿಳಿ ಮೆಣಸಿನಪುಡಿ, ಚಿಟಿಕೆ ಸಕ್ಕರೆ ಹಾಕಿ ಜೋರಾಗಿ ತಿರುವಿ. ಅಂಟಂಟಾಗುತ್ತಿದ್ದಂತೆ 100 ಮಿಲಿ ತಣ್ಣನೆಯ ಶುಂಠಿ ಮತ್ತು ಈರುಳ್ಳಿ ಸೊಪ್ಪಿನ ನೀರನ್ನು ಚಮಚ ಚಮಚವಾಗಿ ಹಾಕುತ್ತಾ ಹೋಗಿ. ಒಂದು ಚಮಚ ಪೂರ್ತಿ ಹೀರಿದ ಮೇಲೇ ಇನ್ನೊಂದು. ಕೊನೆಗೆ ಮಾಂಸ ಖೀಮಾದ ಥರ ಕಾಣಬಾರದು, ದಪ್ಪ ದೋಸೆ ಹಿಟ್ಟಿನ ಥರ ಹೊಳೆಯಬೇಕು, ಚಾಪ್‌ಸ್ಟಿಕ್ ಎತ್ತಿದರೆ ನೂಲು ನೂಲಾಗಿ ಎಳೆಯಬೇಕು. ಎಳ್ಳೆಣ್ಣೆ ಕೊನೆಯಲ್ಲಿ, ಹುರಿದ ಎಳ್ಳಿನದು. ನಮ್ಮ ಹಸಿ ಎಳ್ಳೆಣ್ಣೆ ಅಲ್ಲ, ಅದರಲ್ಲಿ ಆ ಘಮ ಇಲ್ಲ. ಎಣ್ಣೆ ಮೊದಲೇ ಹಾಕಿದರೆ ಮಾಂಸ ನೀರು ಹೀರಲು ತಕರಾರು ಮಾಡುತ್ತದೆ.

ಅಡುಗೆಗೆ ಬಳಸುವ ಚೀನೀ ಅಕ್ಕಿ ವೈನ್ ಶಾವ್‌ಶಿಂಗ್ ಇದ್ದರೆ ಒಂದು ಚಮಚ. ಇಲ್ಲದಿದ್ದರೆ ಬಿಡಿ. ಬೆಳ್ಳುಳ್ಳಿ ಒಳಗೆ ಬೇಡ, ಅದ್ದಿಕೊಳ್ಳುವ ವಿನಿಗರಿಗೆ ಜಜ್ಜಿ ಹಾಕಿ.

ಎಲೆಕೋಸಿಗೆ ಒಂದು ಚಮಚ ಉಪ್ಪು ಸವರಿ 15 ನಿಮಿಷ ಬಿಟ್ಟು, ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಇನ್ನು ಹಿಂಡಲಾಗದು ಅನ್ನಿಸಿದ ಮೇಲೆ ಮತ್ತೊಮ್ಮೆ ಹಿಂಡಿ. ಈ ತರಕಾರಿ ನೀರು ಬೆಂದಾಗ ಬಿಟ್ಟುಕೊಂಡು ತಳ ನೆನೆಸುತ್ತದೆ. ನಿಮ್ಮ ಎರಡನೇ ಶನಿವಾರ ತಳ ಹರಿದಿದ್ದು ಇದರಿಂದಲೂ ಇರಬಹುದು. ಮಾಂಸಕ್ಕೆ ನೀರು ಕುಡಿಸು, ಸೊಪ್ಪಿನ ನೀರು ಹಿಂಡು. ತಲೆಕೆಳಗಾಗಿ ಕೇಳಿಸುತ್ತದೆ, ಆದರೆ ಮಾಂಸ ಹಿಡಿದ ನೀರು ಒಳಗೇ ರಸವಾಗಿ ಉಳಿಯುತ್ತದೆ, ಎಲೆಕೋಸಿನದ್ದು ಹಾಗಲ್ಲ.

ಅಳತೆಗಾರ | ಮಧ್ಯಾಹ್ನ 1:10

ಒಂದೇ ದಿಕ್ಕಿಗೆ ತಿರುವಬೇಕು ಎಂದು ಎಲ್ಲ ವೀಡಿಯೋದಲ್ಲೂ ಹೇಳುತ್ತಾರಲ್ಲ. ಅದು ಸುಮ್ನೆ ನಂಬಿಕೆ ಅಲ್ವಾ? ಮಾಂಸಕ್ಕೆ ಎಡ ಬಲ ಗೊತ್ತಾ?

ಚಳಿನಾಡು | ಮಧ್ಯಾಹ್ನ 1:30

ಅಜ್ಜಿ ಮುಂದೆ ಉಲ್ಟಾ ತಿರುವಿ ನೋಡಬೇಕಿತ್ತು ನೀವು. ನನ್ನ ಅನುಭವದಲ್ಲಿ ದಿಕ್ಕಿಗಿಂತ ಉಪ್ಪು, ತಣ್ಣಗಿರುವುದು, ಸುಸ್ತಾಗುವವರೆಗೆ ತಿರುವುವುದು ಮುಖ್ಯ. ಉಪ್ಪು ಮಾಂಸದೊಳಗಿನ ಮಯೋಸಿನ್ ಎಂಬ ಪ್ರೋಟೀನನ್ನು ಹೊರಗೆಳೆಯುತ್ತದೆ, ತಿರುವಿದಷ್ಟೂ ಅದು ಬಲೆಯಾಗಿ ನೀರು, ನೆಣ ಎರಡನ್ನೂ ಹಿಡಿಯುತ್ತದೆ. ಬಿಸಿಯಾದರೆ ನೆಣ ಕರಗಿ ಎಲ್ಲ ಹಾಳು. ಆದರೂ ಇವತ್ತಿಗೂ ನಾನು ಒಂದೇ ದಿಕ್ಕಿಗೆ ತಿರುವುವುದು. ಕೈ ಕೇಳುವುದಿಲ್ಲ.

ಘಟ್ಟದಕೆಳಗೆ | ಮಧ್ಯಾಹ್ನ 3:00

ಶುಂಠಿ ನೀರು ಅಂದಿದ್ದಕ್ಕೆ ಕೇಳುತ್ತಿದ್ದೇನೆ. ಸಿಚುವಾನ್ ಮೆಣಸು ನೆನೆಸಿದ ನೀರನ್ನೂ ಹಾಕುತ್ತಾರೆ ಅಂತ ಓದಿದ್ದೆ. ನಮ್ಮ ಕಡೆ ಜುಮ್ಮನಕಾಯಿ ಇದೆ, ಕೊಂಕಣಿಯವರು ತೆಫಲ್ ಅನ್ನುತ್ತಾರೆ, ಬಂಗಡೆ ಸಾರಿಗೆ ಬೀಳುತ್ತದೆ. ಬಾಯಲ್ಲಿ ಅದೇ ಜುಮ್. ನಡೆಯುತ್ತದಾ?

ಚಳಿನಾಡು | ಮಧ್ಯಾಹ್ನ 3:20

ಅಯ್ಯೋ, ಎಷ್ಟು ಒಳ್ಳೆಯ ಪ್ರಶ್ನೆ. ಹೌದು, ಈಶಾನ್ಯದ ಮನೆಗಳಲ್ಲಿ ಹ್ವಾಜಿಯಾವ್ ಅಂದರೆ ಸಿಚುವಾನ್ ಮೆಣಸನ್ನು ಬಿಸಿ ನೀರಲ್ಲಿ ನೆನೆಸಿ, ಆರಿಸಿ, ಸೋಸಿ ಮಾಂಸಕ್ಕೆ ಕುಡಿಸುತ್ತಾರೆ. ಹಂದಿಯ ಹಸಿ ವಾಸನೆ ಹೋಗಲಿ ಎಂದು. ಜುಮ್ಮನಕಾಯಿಯೂ ಅದೇ ಕುಲದ ಗಿಡ, ಎರಡೂ ಝಾಂಥೋಕ್ಸೈಲಮ್. ವಾಸನೆ ಇನ್ನೂ ಕಾಡುಕಾಡು. 100 ಮಿಲಿಗೆ ಐದಾರು ಕಾಯಿ ಸಾಕು, ಒಳಗಿನ ಕಪ್ಪು ಬೀಜ ತೆಗೆದುಬಿಡಿ.

ಹಾಗೇ ಇನ್ನೊಂದು. ಉತ್ತರ ಚೀನಾದಲ್ಲಿ ಹಂದಿ ಜೊತೆ ಸೋಂಪಿನ ಗಿಡದ ಎಳೆ ಸೊಪ್ಪು ಹಾಕುವ ಜಿಯಾವ್‌ಜಿ ಬಹಳ ಇಷ್ಟ. ನೋಡಲು ಥೇಟ್ ನಮ್ಮ ಸಬ್ಬಸಿಗೆ. ಊರಿಗೆ ಬಂದ ಮೇಲೆ ನಾನು ಸಬ್ಬಸಿಗೆಯಲ್ಲೇ ಮಾಡುವುದು. ಎಲೆಕೋಸಿಗಿಂತ ಚೆನ್ನ, ಉಪ್ಪು ಹಾಕಿ ಹಿಂಡುವ ಕೆಲಸವೂ ಇಲ್ಲ. ತೊಳೆದು ನೀರು ಆರಿಸಿ ಹೆಚ್ಚಿದರೆ ಆಯಿತು.

ಸುಮ್ನೆಓದುವವ | ಸಂಜೆ 5:45

ಸಬ್ಬಸಿಗೆ ಹಾಕಿದ ಮೇಲೂ ಇದು ಮೋಮೋ ಅಲ್ಲ ಅನ್ನುತ್ತೀರಾ?

ಬೈಲುಕುಪ್ಪೆದಾರಿ | ಸಂಜೆ 6:10

ಅಲ್ಲ ಸ್ವಾಮಿ. ಮೋಮೋ ಟಿಬೆಟಿಯನ್ನರ ತಿಂಡಿ. ಪಿರಿಯಾಪಟ್ಟಣ ತಾಲೂಕಿನ ಬೈಲುಕುಪ್ಪೆಯಲ್ಲಿ 1960ರ ದಶಕದಿಂದ ಟಿಬೆಟಿಯನ್ನರು ಇದ್ದಾರೆ. ನಾನು ಚಿಕ್ಕವನಿದ್ದಾಗಿಂದ ಅಲ್ಲಿ ತಿಂದಿದ್ದೇನೆ. ಪದರ ದಪ್ಪ, ಮಾಂಸದ ಜೊತೆ ಈರುಳ್ಳಿ ಧಾರಾಳ, ಸಾಮಾನ್ಯವಾಗಿ ಗುಂಡಗೆ ತಲೆ ಮೇಲೆ ಜುಟ್ಟು ಕಟ್ಟಿದ ಹಾಗೆ. ಪಕ್ಕದಲ್ಲಿ ಖಾರದ ಸೆಪೆನ್ ಚಟ್ನಿ, ಒಂದು ಬಟ್ಟಲು ಸೂಪು. ಜಿಯಾವ್‌ಜಿ ಅರ್ಧ ಚಂದ್ರ, ಪದರ ತೆಳು, ಅದ್ದಲು ವಿನಿಗರ್. ನಂಟರೇ, ಆದರೆ ಒಂದೇ ಮನೆಯವರಲ್ಲ. ಹೋಳಿಗೆಯನ್ನೂ ಆಲೂ ಪರೋಟವನ್ನೂ ಒಂದೇ ಅಂತೀರಾ?

ಅಳತೆಗಾರ | ಸಂಜೆ 6:30

ಆಕಾರ ಎಷ್ಟು ಹಳೆಯದು ನೋಡಿ. ಷಿನ್‌ಜಿಯಾಂಗ್‌ನ ತುರ್ಫಾನ್ ಹತ್ತಿರ ಅಸ್ತಾನಾ ಎಂಬಲ್ಲಿ ಚೀನಾದ ಟಾಂಗ್ ರಾಜವಂಶದ ಕಾಲದ ಸಮಾಧಿಗಳಿವೆ. ಅಲ್ಲಿ ಬಟ್ಟಲಲ್ಲಿಟ್ಟ ಜಿಯಾವ್‌ಜಿಗಳೇ ಸಿಕ್ಕಿವೆ, ಒಣ ಮರಳುಗಾಡಲ್ಲವಾ, ಒಣಗಿ ಉಳಿದುಕೊಂಡಿವೆ. ಸಾವಿರ ವರ್ಷಕ್ಕೂ ಹಿಂದಿನವು, ಅದೇ ಅರ್ಧ ಚಂದ್ರ. ಹಬೆಪಾತ್ರೆಯವರ ಮೊದಲ ಶನಿವಾರದವನ್ನೂ ಹೂತಿಟ್ಟರೆ ಅಷ್ಟೇ ವರ್ಷ ಬಾಳುತ್ತವೆ.

ಹಬೆಪಾತ್ರೆ | ರಾತ್ರಿ 8:00

ಅಳತೆಗಾರರಿಗೆ ನಮಸ್ಕಾರ, ಮನೆಯಲ್ಲಿ ಓದಿ ಹೇಳಿದೆ, ಬೇರೆಯವರು ಬಹಳ ನಕ್ಕರು.

ಇನ್ನು ಲಟ್ಟಿಸುವುದು, ಮುಚ್ಚುವುದು, ಬೇಯಿಸುವುದು ಉಳಿಯಿತು. ಹಂದಿಗೆ 20 ನಿಮಿಷ ಬೇಡವೇ? ಹುಳುವಿನ ಭಯ ನನಗೆ ಚಿಕ್ಕಂದಿನಿಂದ ತಲೆಯಲ್ಲಿ ಕೂತಿದೆ.

ಚಳಿನಾಡು | ರಾತ್ರಿ 9:15

ಭಯ ಸರಿ, 20 ನಿಮಿಷ ಸರಿಯಲ್ಲ. ಕೊಚ್ಚಿದ ಹಂದಿ ನಡುವಿನಲ್ಲಿ 71 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಂದಂತೆ. 15 ಗ್ರಾಂ ಹೂರಣ ತುಂಬಿದ ಸಣ್ಣ ಜಿಯಾವ್‌ಜಿಗೆ ಜೋರು ಹಬೆಯಲ್ಲಿ 10 ನಿಮಿಷ ಸಾಕು. ನೀರು ಕುದಿಯಲು ಶುರುವಾದ ಮೇಲೆ ಇಟ್ಟು, ಆಗಿಂದ ಲೆಕ್ಕ. ಅನುಮಾನವಿದ್ದರೆ ಥರ್ಮಾಮೀಟರ್ ಚುಚ್ಚಿ, ಬಣ್ಣ ನೋಡಿ ತೀರ್ಮಾನಿಸಬೇಡಿ. ಉಪ್ಪು ನೋಡಲು ಹಸಿ ಹೂರಣ ನಾಲಿಗೆಗೆ ಇಡಬೇಡಿ, ದಯವಿಟ್ಟು. ಒಂದು ಚಮಚ ತವಾದಲ್ಲಿ ಸುಟ್ಟು ತಿಂದು ನೋಡಿ. ಮಣೆ, ಕತ್ತಿ, ಕೈ ಎಲ್ಲ ಸೋಪಿನಲ್ಲಿ ತೊಳೆಯಿರಿ.

ಲಟ್ಟಿಸುವುದು. ಹಿಟ್ಟನ್ನು ಹಾವಿನ ಹಾಗೆ ಹೊಸೆದು 10 ಗ್ರಾಮಿನ ತುಂಡು ಮಾಡಿ. ಒಂದೊಂದನ್ನು ಅಂಗೈಯಲ್ಲಿ ಒತ್ತಿ. ಎಡಗೈಯಲ್ಲಿ ಅಂಚು ಹಿಡಿದು ತಿರುಗಿಸುತ್ತಾ, ಬಲಗೈ ಲಟ್ಟಣಿಗೆ ಅಂಚಿನಿಂದ ನಡುವಿನವರೆಗೆ ಮಾತ್ರ ಹೋಗಿ ವಾಪಸ್ ಬರಬೇಕು. ನಡು ದಾಟಬಾರದು. ನಡುವೆ ದಪ್ಪ, ಅಂಚು ತೆಳು. ಇದೇ ಗುಟ್ಟು. ಅಂಚನ್ನು ನಿರಿಗೆ ಹಿಡಿದಾಗ ಅಲ್ಲಿ ಎರಡು ಪದರ ಆಗುತ್ತದೆ, ತಳದಲ್ಲಿ ಭಾರ ಕೂರುತ್ತದೆ. ಚಪಾತಿ ಥರ ಒಂದೇ ಸಮ ಲಟ್ಟಿಸಿದರೆ ನಿರಿಗೆ ಕಡೆ ಹಸಿ ಹಿಟ್ಟು, ತಳದ ಕಡೆ ತೂತು. ಅಗಲ 8, 9 ಸೆಂಟಿಮೀಟರ್.

ಇಡ್ಲಿ ತಟ್ಟೆ ಬೇಡ, ಗುಳಿಯಲ್ಲಿ ಕೂತು ಸೊಟ್ಟಗಾಗುತ್ತವೆ. ತೂತಿರುವ ಚಪ್ಪಟೆ ತಟ್ಟೆ ಇಡಿ. ಕೆಳಗೆ ಎಲೆಕೋಸಿನ ಎಲೆ ಹಾಸಿ, ಅಥವಾ ಬಾಳೆ ಎಲೆ ಬಾಡಿಸಿ ಅಲ್ಲಲ್ಲಿ ತೂತು ಮಾಡಿ. ಅರಿಶಿನ ಎಲೆ ಹಾಸಬೇಡಿ, ನಾಗರ ಪಂಚಮಿ ನೆನಪಾಗುತ್ತದೆ, ಹಂದಿ ರುಚಿಸುವುದಿಲ್ಲ. ಒಂದಕ್ಕೊಂದು ತಾಗದ ಹಾಗೆ ಬೆರಳಗಲ ಬಿಡಿ. ಬಿದಿರಿನ ಬುಟ್ಟಿ ಆವಿಯನ್ನು ಹೀರುತ್ತದೆ, ಸ್ಟೀಲ್ ಮುಚ್ಚಳ ಹೀರದೆ ಹನಿಹನಿಯಾಗಿ ಜಿಯಾವ್‌ಜಿ ಮೇಲೆ ಅಳುತ್ತದೆ. ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಗಂಟು ಮೇಲೆ ಬರಲಿ, ಬೆಂಕಿಗೆ ತಾಗದಿರಲಿ.

ಸಿಂಗಪುರದಿಂದ | ಸೋಮವಾರ ಬೆಳಗ್ಗೆ 8:20

ಇಷ್ಟೆಲ್ಲ ಓದಿ ಸುಸ್ತಾದವರಿಗೆ: ಇಲ್ಲಿ ಸೂಪರ್ ಮಾರ್ಕೆಟ್ಟಿನಲ್ಲಿ ಪದರ ರೆಡಿ ಸಿಗುತ್ತದೆ. ನಾನು ಅದರಲ್ಲೇ ಮಾಡುತ್ತೇನೆ, ಅಂಚಿಗೆ ನೀರು ಸವರಬೇಕು ಅಷ್ಟೇ. ಒಂದು ಎಚ್ಚರಿಕೆ, ಹಳದಿ ಬಣ್ಣದ ತೆಳು ಪದರ ಶಾವ್‌ಮೈ ಮಾಡಲು. ಅದು ಕ್ಯಾಂಟನ್ ಕಡೆಯದ್ದು, ಹಂದಿ ಮತ್ತು ಸಿಗಡಿ ತುಂಬಿ ಬಾಯಿ ತೆರೆದೇ ಬಿಡುತ್ತಾರೆ. ಮುಚ್ಚಲು ಬಾರದವರಿಗೆ ದೇವರು ಕೊಟ್ಟ ವರ. ಕೊಲ್ಕತ್ತಾದ ಟಿರೆಟ್ಟಾ ಬಜಾರಿನಲ್ಲಿ ಭಾನುವಾರ ಬೆಳಗ್ಗೆ ಚೀನೀ ಕುಟುಂಬಗಳು ಬುಟ್ಟಿಯಿಂದ ಬಿಸಿಬಿಸಿ ಕೊಡುತ್ತಿದ್ದುದು ಇದನ್ನೇ, ಅಲ್ಲಿದ್ದಾಗ ತಿಂದಿದ್ದೇನೆ. ಹಬೆಪಾತ್ರೆಯವರೇ, ಮೊದಲು ಶಾವ್‌ಮೈ ಮಾಡಿ ಧೈರ್ಯ ತಂದುಕೊಳ್ಳಿ.

ಕರಿಮೆಣಸು | ಬೆಳಗ್ಗೆ 9:00

ನನಗೆ ಆ ಸೂಪು ಇರುವುದು ಬೇಕು. ಕಚ್ಚಿದರೆ ಸಾರು ಚಿಮ್ಮುತ್ತದಲ್ಲ. ಅದಕ್ಕೆ ಎಷ್ಟು ನೀರು ಕುಡಿಸಬೇಕು?

ಚಳಿನಾಡು | ಬೆಳಗ್ಗೆ 9:40

ಎಷ್ಟು ಕುಡಿಸಿದರೂ ಅದು ಆಗುವುದಿಲ್ಲ. ನೀವು ಹೇಳುವುದು ಶಿಯಾವ್‌ಲಾಂಗ್‌ಬಾವ್, ಶಾಂಘೈ ಹೊರವಲಯದ ನಾನ್‌ಷಿಯಾಂಗ್ ಎಂಬ ಊರಿನ ಹೆಸರು ಅದಕ್ಕೆ ಅಂಟಿಕೊಂಡಿದೆ. ಹಂದಿ ತೊಗಲನ್ನು ಗಂಟೆಗಟ್ಟಲೆ ಕುದಿಸಿ, ಆ ಸಾರನ್ನು ಫ್ರಿಜ್ಜಿನಲ್ಲಿಟ್ಟರೆ ಜೆಲ್ಲಿ ಆಗುತ್ತದೆ. ಅದನ್ನು ಹೆಚ್ಚಿ ಹೂರಣಕ್ಕೆ ಬೆರೆಸುತ್ತಾರೆ. ಹಬೆಯಲ್ಲಿ ಮತ್ತೆ ಸಾರಾಗುತ್ತದೆ. ನೀವೇ ತೊಗಲು ತೆಗೆದಿಡಿ ಅಂದಿರಲ್ಲ, ಎಸೆಯಬೇಡಿ, ಅದೇ ಬೇಕು. ತೈಪೆಯ ದಿನ್ ತಾಯ್ ಫುಂಗ್ ಹೋಟೆಲಿನವರು ಅದಕ್ಕೆ 18 ನಿರಿಗೆ ಹಿಡಿಯುತ್ತಾರೆ. ನನ್ನ ದಾಖಲೆ 11. ಅದರಲ್ಲಿ ಸಾರು ಸೋರಿತ್ತು.

ಹಬೆಪಾತ್ರೆ | ಮುಂದಿನ ಶನಿವಾರ ರಾತ್ರಿ 11:20

ಬಂದೆ.

ಮಾಂಸ ನಾನೇ ಕೊಚ್ಚಿದೆ, 40 ನಿಮಿಷ. ಕೆಳಮನೆಯವರು ಬಂದು ಏನು ರಿಪೇರಿ ಮಾಡಿಸುತ್ತಿದ್ದೀರಿ ಎಂದು ಕೇಳಿದರು. ಕುದಿ ನೀರು ಹಾಕಿದಾಗ ಹಿಟ್ಟು ನೋಡಿ ಹೆದರಿದೆ, ಉಪ್ಪಿಟ್ಟಿನ ಹಾಗೆ ಇತ್ತು. ಆದರೆ 15 ನಿಮಿಷ ಬಿಟ್ಟು ನಾದಿದರೆ ಕಿವಿಯ ಹಾಲೆಯಷ್ಟು ಮೆತ್ತಗೆ. ಇದು ಅದೇ ಮೈದಾನಾ ಅನ್ನಿಸಿತು. ಲಟ್ಟಿಸಿದ್ದು ವಾಪಸ್ ಓಡಿಹೋಗಲಿಲ್ಲ!

ಹೂರಣಕ್ಕೆ ಸಬ್ಬಸಿಗೆ ಹಾಕಿದೆ. ನೀರು ಕುಡಿಸುವಾಗ ಐದನೇ ಚಮಚಕ್ಕೆ ಕೈ ಸೋತಿತು, ಹೆಂಡತಿ ಬಂದು ತಿರುವಿದಳು. ಉಲ್ಟಾ ದಿಕ್ಕಿಗೆ. ನಾನು ಹೇಳಲಿಲ್ಲ. ಏನೂ ಆಗಲಿಲ್ಲ, ಅಳತೆಗಾರರು ಗುರುತು ಹಾಕಿಕೊಳ್ಳಲಿ.

ಒಟ್ಟು 44 ಆಯಿತು. ನಿರಿಗೆ ಮಾತ್ರ ದೇವರಿಗೇ ಪ್ರೀತಿ, ಮೊದಲ ಡಜನ್ ಸೀರೆ ಉಡಲು ಬಾರದವರು ಉಡಿಸಿದ ಹಾಗಿತ್ತು. ಒಂಬತ್ತು ಬಾಯಿಬಿಟ್ಟವು. ಉಳಿದವು ನಿಂತವು. ಪದರದ ಹಿಂದೆ ಸಬ್ಬಸಿಗೆಯ ಹಸಿರು ಮಸುಕಾಗಿ ಕಾಣುತ್ತಿತ್ತು. ಕಚ್ಚಿದರೆ ಒಳಗೆ ರಸ, ಗಲ್ಲದ ಮೇಲೆ ಇಳಿಯಿತು. ಹೆಂಡತಿ 14 ತಿಂದಳು. ಈ ಸಲ ಮೊಸರನ್ನ ಇಲ್ಲ. ಕಾಚಂಪುಳಿಯೂ ಇತ್ತು, ವಿನಿಗರೂ ಇತ್ತು, ಖಾಲಿಯಾಗಿದ್ದು ಕಾಚಂಪುಳಿ ಬಟ್ಟಲು.

ಬಾಯಿಬಿಟ್ಟ ಒಂಬತ್ತು ಯಾಕೆ? ಮತ್ತೆ, 12 ಬೇಯಿಸದೆ ಉಳಿದಿವೆ, ಬಟ್ಟಲಲ್ಲಿ ಹಾಕಿ ಫ್ರಿಜ್ಜಿಗೆ ಇಡಲೇ?

ಚಳಿನಾಡು | ರಾತ್ರಿ 11:35

ಫ್ರಿಜ್ಜಿಗೆ ಬೇಡ! ಹೂರಣದ ನೀರು ಪದರಕ್ಕೆ ಇಳಿದು ಬೆಳಗ್ಗೆ ಎಲ್ಲ ಒಂದೇ ಮುದ್ದೆ. ತಟ್ಟೆಗೆ ಹಿಟ್ಟು ಉದುರಿಸಿ, ಬಿಡಿಬಿಡಿಯಾಗಿ ಜೋಡಿಸಿ ಈಗಲೇ ಫ್ರೀಜರಿನಲ್ಲಿಡಿ. ಗಟ್ಟಿಯಾದ ಮೇಲೆ ಕವರಿಗೆ. ಬೇಯಿಸುವಾಗ ಕರಗಿಸಬೇಡಿ, ಕಲ್ಲಿನ ಹಾಗಿದ್ದಾಗಲೇ ಹಬೆಗೆ ಇಟ್ಟು ಮೂರ್ನಾಲ್ಕು ನಿಮಿಷ ಜಾಸ್ತಿ.

ಬಾಯಿಬಿಟ್ಟವು ಬಹುಶಃ ಕೊನೆಯಲ್ಲಿ ಮಾಡಿದವು. ಅಂಚಿಗೆ ಹೂರಣದ ಎಣ್ಣೆ ತಾಗಿರುತ್ತದೆ, ಅಥವಾ ಲಟ್ಟಿಸಿಟ್ಟ ಪದರ ಗಾಳಿಗೆ ಒಣಗಿರುತ್ತದೆ. ಹತ್ತು ಹತ್ತೇ ಲಟ್ಟಿಸಿ, ತುಂಬಿ, ಮತ್ತೆ ಹತ್ತು. ಅದಕ್ಕೇ ಅಲ್ಲಿ ಒಬ್ಬರೇ ಮಾಡುವುದಿಲ್ಲ. ಚೀನೀ ಹೊಸ ವರ್ಷದ ಹಿಂದಿನ ರಾತ್ರಿ ಟಿವಿ ಹಾಕಿಕೊಂಡು ಇಡೀ ಮನೆ ಮೇಜಿನ ಸುತ್ತ ಕೂರುತ್ತದೆ, ಒಬ್ಬರು ಲಟ್ಟಿಸಿದರೆ ಮೂವರು ಮುಚ್ಚುವವರು. ಒಂದರೊಳಗೆ ತೊಳೆದ ನಾಣ್ಯ ಇಡುತ್ತಾರೆ, ಯಾರ ಹಲ್ಲಿಗೆ ಸಿಗುತ್ತದೋ ಅವರಿಗೆ ಆ ವರ್ಷ ಅದೃಷ್ಟ. ಊರು ಬಿಟ್ಟು ಹೊರಡುವವರಿಗೂ ಜಿಯಾವ್‌ಜಿ, ಬಂದವರಿಗೆ ನೂಡಲ್ಸ್. ನಾನು ಹೊರಟ ದಿನ ಅಜ್ಜಿ ಬೆಳಗ್ಗೆ ಐದಕ್ಕೇ ಬಾಗಿಲು ಬಡಿದು ಒಂದು ಬಟ್ಟಲು ಕೊಟ್ಟರು. ಮುಚ್ಚಲು ಬಿಟ್ಟಿದ್ದು ಅದರ ಹಿಂದಿನ ವಾರವಷ್ಟೇ.

ಸುಮ್ನೆಓದುವವ | ರಾತ್ರಿ 11:50

ಸರಿ, ಮೋಮೋ ಅಲ್ಲ. ಒಪ್ಪಿದೆ. ಆ 12 ಯಾವಾಗ ಬೇಯಿಸುತ್ತೀರಿ, ವಿಳಾಸ ಹೇಳಿ.

ಹಬೆಪಾತ್ರೆ | ರಾತ್ರಿ 11:58

ಎಂಟೇ ಉಳಿದಿರುವುದು, ಇಷ್ಟು ಬರೆಯುವಷ್ಟರಲ್ಲಿ ಒಳಗೆ ನಾಲ್ಕು ಒಲೆ ಮೇಲೆ ಏರಿವೆ. ಹಿಟ್ಟೂ ಒಂದು ಹಿಡಿ ಉಳಿದಿದೆ. ಎಸೆಯಲೇ?

ಚಳಿನಾಡು | ರಾತ್ರಿ 12:02

ಎಸೆಯಬೇಡಿ. ತೆಳ್ಳಗೆ ಲಟ್ಟಿಸಿ, ಎಣ್ಣೆ ಸವರಿ, ಉಪ್ಪು, ಈರುಳ್ಳಿ ಸೊಪ್ಪು ಉದುರಿಸಿ ಸುರುಳಿ ಸುತ್ತಿ. ಆ ಸುರುಳಿಯನ್ನು ಮತ್ತೆ ಚಕ್ಕುಲಿ ಥರ ಸುತ್ತಿ ಒತ್ತಿ ಲಟ್ಟಿಸಿ, ತವಾದಲ್ಲಿ ಎರಡೂ ಕಡೆ ಬೇಯಿಸಿ. ಅದೂ ಬಿಸಿ ನೀರಿನ ಹಿಟ್ಟಿನದ್ದೇ ರೊಟ್ಟಿ.